ಪ್ರೊಸೆಸರ್ ಲೋಕದ ದಾಯಾದಿ ವ್ಯಾಜ್ಯ

ಒಂದು ಸಣ್ಣ ಗೊಂದಲದಿಂದ ಮಾತು ಆರಂಭಿಸುತ್ತೇನೆ. ಇಂಟೆಲ್ ಪ್ರೊಸೆಸರ್ ಇರುವ ಕಂಪ್ಯೂಟರಿಗೆ ಡೆಬಿಯನ್ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿಕೊಳ್ಳಲು ಹೊರಟವರು, ಇಳಿಸಿಕೊಳ್ಳಬೇಕಾದ ಕಡತದ ಹೆಸರಿನಲ್ಲಿ ‘ಎಎಂಡಿ64’ ಎಂದಿರುವುದನ್ನು ಕಂಡು ಅಲ್ಲಿಯೇ ಕೈ ತಡೆಯುತ್ತಾರೆ. ತಮ್ಮ ಯಂತ್ರದಲ್ಲಿರುವುದು ಇಂಟೆಲ್, ಕಡತದ ಮೇಲಿರುವುದು ಅದರ ಎದುರಾಳಿಯ ಹೆಸರು, ಇದು ನಮ್ಮದಲ್ಲ ಎಂದು ಬೇರೆ ಕಡತ ಹುಡುಕುತ್ತಾರೆ. ಈ ಪ್ರಶ್ನೆಯನ್ನು ನನ್ನ ಮುಂದೆ ಇಟ್ಟವರು ಒಬ್ಬಿಬ್ಬರಲ್ಲ. ಕಡತ ಸರಿಯಾಗಿಯೇ ಇದೆ, ಅದನ್ನೇ ಹಾಕಿಕೊಳ್ಳಿ ಎಂದರೆ ಅವರ ಮುಖದಲ್ಲಿ ಅನುಮಾನ ಹಾಗೆಯೇ ಉಳಿದಿರುತ್ತದೆ. ಆ ಅನುಮಾನಕ್ಕೆ ಪೂರ್ತಿ ಉತ್ತರ ಕೊಡಬೇಕಾದರೆ ಐವತ್ತು ವರ್ಷಗಳ ಕಥೆಯನ್ನೇ ಹೇಳಬೇಕಾಗುತ್ತದೆ, ಇಂದಿನ ಉಪನ್ಯಾಸ ಅದೇ ಕಥೆ.

ಪ್ರೊಸೆಸರ್ ತಯಾರಕರ ಪೈಪೋಟಿಯನ್ನು ಸಾಮಾನ್ಯವಾಗಿ ಓಟದ ಪಂದ್ಯವೆಂಬಂತೆ ವರ್ಣಿಸುವುದು ವಾಡಿಕೆ: ಯಾರ ಚಿಪ್ ಎಷ್ಟು ಗಿಗಾಹರ್ಟ್ಸ್, ಯಾರದು ಎಷ್ಟು ಕೋರ್ (ಚಿಪ್‌ನೊಳಗಿನ ಲೆಕ್ಕದ ಘಟಕ), ಈ ವರ್ಷ ಯಾರು ಮುಂದೆ. ನನಗೆ ಈ ಹೋಲಿಕೆ ಸಾಲದು ಎನಿಸುತ್ತದೆ. ಓಟಗಾರರಿಗೆ ಒಬ್ಬರ ಕಾಲಿಗೆ ಇನ್ನೊಬ್ಬರ ಕಾಲನ್ನು ಕಟ್ಟಿರುವುದಿಲ್ಲ. ಇಂಟೆಲ್ ಮತ್ತು ಎಎಂಡಿ ನಡುವಿನ ಸಂಬಂಧ ದಾಯಾದಿಗಳದು. ಇಬ್ಬರೂ ಒಂದೇ ಪಿತ್ರಾರ್ಜಿತ ಆಸ್ತಿಯ ಮೇಲೆ ಬದುಕುತ್ತಾರೆ, ಅದಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುತ್ತಾರೆ, ಆದರೆ ಅದನ್ನು ಬಿಟ್ಟು ಹೋಗಲು ಇಬ್ಬರಿಗೂ ಆಗುವುದಿಲ್ಲ.

ಆ ಆಸ್ತಿ ಎಂದರೆ ಕಾರ್ಖಾನೆಯಲ್ಲ, ಹಣವೂ ಅಲ್ಲ. ಎಕ್ಸ್86 ಎಂದು ಕರೆಯಲಾಗುವ ಸೂಚನೆಗಳ ಸಮೂಹ, ಅಂದರೆ ಇನ್‌ಸ್ಟ್ರಕ್ಷನ್ ಸೆಟ್. 1978ರಲ್ಲಿ ಬಂದ ಇಂಟೆಲ್ 8086 ಚಿಪ್‌ಗೆ ‘ಬಿ8’ ಎಂಬ ಒಂದು ಬೈಟ್ ಸಿಕ್ಕರೆ, ಅದರ ಬೆನ್ನಿಗೆ ಬರುವ ಸಂಖ್ಯೆಯನ್ನು ತನ್ನ ಮುಖ್ಯ ರಿಜಿಸ್ಟರಿಗೆ, ಅಂದರೆ ಲೆಕ್ಕದ ಸಂಖ್ಯೆಯನ್ನು ಇಟ್ಟುಕೊಳ್ಳುವ ಒಳಗಿನ ಪುಟ್ಟ ಗೂಡಿಗೆ, ತುಂಬಿಕೊಳ್ಳಬೇಕು ಎಂಬ ನಿಯಮವಿತ್ತು. ರಿಜಿಸ್ಟರಿನ ಅಗಲ 16 ಬಿಟ್‌ಗಳಿಂದ ಬೆಳೆದಿದೆ ಎಂಬುದನ್ನು ಬಿಟ್ಟರೆ, ಇಂದಿನ ಇಂಟೆಲ್ ಚಿಪ್ ಆಗಲಿ ಎಎಂಡಿ ಚಿಪ್ ಆಗಲಿ ಆ ಬೈಟನ್ನು ಅದೇ ಅರ್ಥದಲ್ಲಿ ಓದುತ್ತದೆ. ಒಳಗಿನ ಟ್ರಾನ್ಸಿಸ್ಟರುಗಳ ಜೋಡಣೆ ಪೂರ್ತಿ ಬದಲಾಗಿರಬಹುದು, ಹೊರಗಿನ ಭಾಷೆ ಬದಲಾಗುವಂತಿಲ್ಲ, ಏಕೆಂದರೆ ನಾಲ್ಕೂವರೆ ದಶಕಗಳ ತಂತ್ರಾಂಶ ಆ ಭಾಷೆಯಲ್ಲಿಯೇ ಬರೆಯಲ್ಪಟ್ಟಿದೆ. ಹೀಗಾಗಿ ಈ ವ್ಯವಹಾರದಲ್ಲಿ ಮೊದಲ ಪ್ರಶ್ನೆ ‘ಯಾರು ವೇಗ’ ಎಂಬುದಲ್ಲ, ‘ಈ ಭಾಷೆ ಮಾತನಾಡುವ ಹಕ್ಕು ಯಾರಿಗಿದೆ’ ಎಂಬುದು.

ಇಬ್ಬರೂ ಹುಟ್ಟಿದ್ದು ಒಂದೇ ಮನೆಯಲ್ಲಿ. ಕ್ಯಾಲಿಫೋರ್ನಿಯಾದ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಂಪನಿಯನ್ನು ಬಿಟ್ಟು ಬಂದ ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್ 1968ರಲ್ಲಿ ಇಂಟೆಲ್ ಕಟ್ಟಿದರು. ಅದೇ ಫೇರ್‌ಚೈಲ್ಡ್‌ನಿಂದ ಹೊರಬಂದ ಜೆರ್ರಿ ಸ್ಯಾಂಡರ್ಸ್ ಮತ್ತು ಸಂಗಡಿಗರು 1969ರಲ್ಲಿ ಎಎಂಡಿ ಕಟ್ಟಿದರು. ನಾಯ್ಸ್ ಮತ್ತು ಮೂರ್ ಎಂಜಿನಿಯರುಗಳು, ಸ್ಯಾಂಡರ್ಸ್ ಮಾರಾಟ ವಿಭಾಗದಿಂದ ಬಂದವರು; ಎರಡು ಕಂಪನಿಗಳ ಸ್ವಭಾವದಲ್ಲಿ ಬಹುಕಾಲ ಈ ವ್ಯತ್ಯಾಸ ಕಾಣುತ್ತಿತ್ತು. ಆ ಕಾಲದಲ್ಲಿ ಒಬ್ಬರು ವಿನ್ಯಾಸ ಮಾಡಿದ ಚಿಪ್ಪನ್ನು ಇನ್ನೊಬ್ಬರು ಪರವಾನಗಿ ಪಡೆದು ತಯಾರಿಸುವುದು ಸಾಮಾನ್ಯವಾಗಿತ್ತು. ಒಂದೇ ಕಾರ್ಖಾನೆಯನ್ನು ನಂಬಿ ಕುಳಿತರೆ ಅಲ್ಲಿ ಬೆಂಕಿ ಬಿದ್ದ ದಿನ ನಮ್ಮ ಗತಿ ಏನು ಎಂಬುದು ಗಿರಾಕಿಗಳ ಭಯ. 1981ರ ಆಗಸ್ಟ್‌ನಲ್ಲಿ ತನ್ನ ಪಿಸಿಯನ್ನು ಇಂಟೆಲ್‌ನ 8088 ಚಿಪ್‌ನೊಂದಿಗೆ ಬಿಡುಗಡೆ ಮಾಡಿದ ಐಬಿಎಂ ಕೂಡ ಎರಡನೆಯ ತಯಾರಕರೊಬ್ಬರು ಇರಲೇಬೇಕೆಂದು ಪಟ್ಟು ಹಿಡಿಯಿತು. ಇದರ ಫಲವಾಗಿ 1982ರಲ್ಲಿ ಇಂಟೆಲ್ ಮತ್ತು ಎಎಂಡಿ ಹತ್ತು ವರ್ಷಗಳ ತಂತ್ರಜ್ಞಾನ ವಿನಿಮಯ ಒಪ್ಪಂದಕ್ಕೆ ಸಹಿ ಹಾಕಿದವು. ಎಎಂಡಿಯನ್ನು ಎಕ್ಸ್86 ಪ್ರತಿಸ್ಪರ್ಧಿಯಾಗಿ ನಿಲ್ಲಿಸಿದ್ದು ಸ್ವತಃ ಇಂಟೆಲ್ ಸಹಿ ಮಾಡಿದ ಒಂದು ಕಾಗದ ಎಂಬುದನ್ನು ಇಲ್ಲಿ ಗಮನಿಸಬೇಕು.

ಪರವಾನಗಿ ಪಡೆದ ತಯಾರಕ ತಗ್ಗಿಬಗ್ಗಿ ನಡೆದಿದ್ದರೆ ಬಹುಶಃ ಕಥೆ ಇಲ್ಲಿಗೆ ನಿಲ್ಲುತ್ತಿತ್ತು. ಆದರೆ ಎಎಂಡಿ, 8086ರ ಮುಂದಿನ ಪೀಳಿಗೆಯಾದ 286 ಚಿಪ್ಪನ್ನು ಮೂಲ ವಿನ್ಯಾಸಕಾರನಿಗಿಂತ ಹೆಚ್ಚಿನ ವೇಗದಲ್ಲಿ ಓಡುವಂತೆ ಮಾಡಿ ಮಾರತೊಡಗಿತು. 1985ರಲ್ಲಿ 386 ಸಿದ್ಧವಾದಾಗ, ಆಂಡಿ ಗ್ರೋವ್ ಮುಂದಾಳತ್ವದಲ್ಲಿ ಇಂಟೆಲ್ ಅದನ್ನು ಯಾರಿಗೂ ಕೊಡದೆ ತಾನೊಂದೇ ತಯಾರಿಸುವ ತೀರ್ಮಾನಕ್ಕೆ ಬಂದಿತು. ಒಪ್ಪಂದ ಇನ್ನೂ ಜಾರಿಯಲ್ಲಿತ್ತು. ಎಎಂಡಿ 1987ರಲ್ಲಿ ಮಧ್ಯಸ್ಥಗಾರರ ಮುಂದೆ ಹೋಯಿತು. ತೀರ್ಪು ಅದರ ಪರವಾಗಿ ಬಂದದ್ದು 1992ರಲ್ಲಿ, ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದದ್ದು 1994ರ ಕೊನೆಯಲ್ಲಿ, ಎಲ್ಲ ದಾವೆಗಳೂ ರಾಜಿಯಲ್ಲಿ ಮುಗಿದದ್ದು 1995ರಲ್ಲಿ. ಚಿಪ್‌ಗಳ ಒಂದು ಪೀಳಿಗೆಗೆ ಎರಡು ಮೂರು ವರ್ಷಗಳ ಆಯುಷ್ಯವಿರುವ ಉದ್ಯಮದಲ್ಲಿ ಎಂಟು ವರ್ಷಗಳ ವ್ಯಾಜ್ಯವೆಂದರೆ ಏನೆಂದು ಯೋಚಿಸಿ. ಗೆದ್ದವರ ಕೈಗೆ ಆಸ್ತಿ ಬರುವಷ್ಟರಲ್ಲಿ ಬೆಳೆ ಒಣಗಿರುತ್ತದೆ.

ಎಎಂಡಿ ಅಷ್ಟು ಕಾಲ ಕೈಕಟ್ಟಿ ಕೂರಲಿಲ್ಲ. ಇಂಟೆಲ್‌ನ ಚಿಪ್ಪನ್ನು ಬಿಚ್ಚಿ ನೋಡಿ, ಅದರ ವರ್ತನೆಯನ್ನು ಅಭ್ಯಾಸ ಮಾಡಿ, ತನ್ನದೇ ‘ಎಎಂ386’ ಅನ್ನು 1991ರಲ್ಲಿ ಮಾರುಕಟ್ಟೆಗೆ ತಂದಿತು. ಇಂಟೆಲ್‌ನ 386 ಗರಿಷ್ಠ 33 ಮೆಗಾಹರ್ಟ್ಸ್‌ಗೆ ನಿಂತಿದ್ದರೆ ಇದು 40ಕ್ಕೆ ಹೋಯಿತು. ಹೆಸರಿನಲ್ಲೂ 386 ಇದೆಯಲ್ಲ ಎಂದು ಇಂಟೆಲ್ ಆಕ್ಷೇಪಿಸಿದಾಗ, ಬರಿಯ ಅಂಕಿಯನ್ನು ವ್ಯಾಪಾರ ಮುದ್ರೆಯಾಗಿ ಕಾಯ್ದಿರಿಸಿಕೊಳ್ಳಲಾಗದು ಎಂಬ ತೀರ್ಪು ಬಂದಿತು. ಹಾಗಾಗಿಯೇ 1993ರ ಚಿಪ್ ‘586’ ಆಗಲಿಲ್ಲ, ‘ಪೆಂಟಿಯಂ’ ಆಯಿತು. ‘ಇಂಟೆಲ್ ಇನ್‌ಸೈಡ್’ ಎಂಬ ಜಾಹೀರಾತು ಆರಂಭವಾದದ್ದೂ 1991ರಲ್ಲಿಯೇ. ಪೆಟ್ಟಿಗೆಯೊಳಗೆ ಕಣ್ಣಿಗೆ ಕಾಣದಂತೆ ಕುಳಿತಿರುವ ಬಿಡಿಭಾಗದ ಹೆಸರನ್ನು ಮನೆಮಾತಾಗಿಸುವ ಈ ಯೋಚನೆ, ಎಂಜಿನಿಯರಿಂಗ್‌ನಷ್ಟೇ ಚತುರವಾದದ್ದೆಂದು ನನ್ನ ಅಭಿಪ್ರಾಯ.

ಆ ಮನೆಮಾತಿಗೆ ಪರೀಕ್ಷೆ ಬೇಗನೆ ಬಂದಿತು. ನಿಮ್ಮ ಬಳಿ ಕ್ಯಾಲ್ಕುಲೇಟರ್ ಇದ್ದರೆ 4195835 ಅನ್ನು 3145727ರಿಂದ ಭಾಗಿಸಿ. 1.33382 ಎಂದು ಆರಂಭವಾಗುವ ಉತ್ತರ ಬರುತ್ತದೆ. ಮೊದಲ ಪೆಂಟಿಯಂ ಚಿಪ್‌ಗಳು 1.33373 ಎನ್ನುತ್ತಿದ್ದವು. ಬಂದ ಭಾಗಲಬ್ಧವನ್ನು ಮತ್ತೆ 3145727ರಿಂದ ಗುಣಿಸಿ, ಮೊದಲಿನ ಸಂಖ್ಯೆಯಿಂದ ಕಳೆದರೆ ಸೊನ್ನೆ ಬರಬೇಕು; ಬರುತ್ತಿದ್ದುದು 256. ಭಾಗಾಕಾರದ ಪ್ರತಿ ಹಂತದಲ್ಲಿ ಮುಂದಿನ ಅಂಕಿಯನ್ನು ಊಹಿಸಲು ಚಿಪ್ ತನ್ನೊಳಗಿನ ಒಂದು ಕೋಷ್ಟಕವನ್ನು ನೋಡುತ್ತಿತ್ತು, ಆ ಕೋಷ್ಟಕದ ಐದು ಮನೆಗಳಲ್ಲಿ 2 ಇರಬೇಕಾದ ಕಡೆ ಸೊನ್ನೆ ಕುಳಿತಿತ್ತು. ಅವಿಭಾಜ್ಯ ಸಂಖ್ಯೆಗಳ ಜೋಡಿಗಳನ್ನು ಲೆಕ್ಕ ಹಾಕುತ್ತಿದ್ದ ಅಮೆರಿಕದ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ 1994ರಲ್ಲಿ ಇದನ್ನು ಹಿಡಿದರು. ಸಾಮಾನ್ಯ ಬಳಕೆದಾರರಿಗೆ ಈ ತಪ್ಪು 27,000 ವರ್ಷಗಳಿಗೊಮ್ಮೆ ಎದುರಾದೀತು ಎಂದ ಇಂಟೆಲ್, ನಿಖರ ಲೆಕ್ಕದ ಅಗತ್ಯವಿದೆಯೆಂದು ತೋರಿಸಿದವರಿಗೆ ಮಾತ್ರ ಚಿಪ್ ಬದಲಿಸಿ ಕೊಡುವುದಾಗಿ ಹೇಳಿತು. ಲೆಕ್ಕ ತಪ್ಪುವ ಯಂತ್ರವನ್ನು ಮಾರಿ, ನಿನಗೆ ಸರಿಯಾದ ಲೆಕ್ಕ ಏಕೆ ಬೇಕು ಎಂದು ಗಿರಾಕಿಯನ್ನೇ ಕೇಳಿದಂತಾಯಿತು. ಜನ ರೊಚ್ಚಿಗೆದ್ದರು, ಡಿಸೆಂಬರ್‌ನಲ್ಲಿ ಕೇಳಿದವರಿಗೆಲ್ಲ ಬದಲಿಸಿಕೊಡುವುದಾಗಿ ಒಪ್ಪಿಕೊಂಡ ಇಂಟೆಲ್ 47.5 ಕೋಟಿ ಡಾಲರ್ ವೆಚ್ಚವನ್ನು ತನ್ನ ಲೆಕ್ಕಪತ್ರದಲ್ಲಿ ತೋರಿಸಬೇಕಾಯಿತು.

ಇದರಿಂದ ಎಎಂಡಿಗೆ ಲಾಭವಾಗಬೇಕಿತ್ತು, ಹೆಚ್ಚೇನೂ ಆಗಲಿಲ್ಲ. ಪೆಂಟಿಯಂಗೆ ಸರಿಸಾಟಿಯೆನ್ನಬಹುದಾದ ‘ಕೆ5’ ಅದರ ಕೈಗೆ ಬಂದದ್ದು 1996ರಲ್ಲಿ. ಎದುರಾಳಿ ಎಡವಿದ ದಿನ ನಮ್ಮ ಅಂಗಡಿಯಲ್ಲಿ ಸರಕು ಇರಬೇಕು, ಇಲ್ಲದಿದ್ದರೆ ಅವನ ಎಡವಟ್ಟು ಬರಿಯ ಸುದ್ದಿಯಾಗಿ ಮುಗಿದುಹೋಗುತ್ತದೆ.

ಸರಕು ಸಿದ್ಧವಿದ್ದಾಗ ಏನಾಗುತ್ತದೆ ಎಂಬುದನ್ನು ತೋರಿಸಿದ್ದು ಅಥ್ಲಾನ್. ಡಿಇಸಿ ಕಂಪನಿಯ ಆಲ್ಫಾ ಪ್ರೊಸೆಸರಿನ ಮೇಲೆ ದುಡಿದಿದ್ದ ಡರ್ಕ್ ಮೇಯರ್ ನೇತೃತ್ವದಲ್ಲಿ ರೂಪುಗೊಂಡು 1999ರಲ್ಲಿ ಬಂದ ಈ ಚಿಪ್, ನಕಲುಗಾರ ಎಂಬ ಹಣೆಪಟ್ಟಿಯನ್ನು ಎಎಂಡಿಯಿಂದ ಕಳಚಿತು. ಒಂದು ಗಿಗಾಹರ್ಟ್ಸ್ ಗೆರೆಯನ್ನು ಎಎಂಡಿ ಮುಟ್ಟಿದ್ದು 2000ದ ಮಾರ್ಚ್ 6ರಂದು, ಇಂಟೆಲ್ ಮುಟ್ಟಿದ್ದು ಮಾರ್ಚ್ 8ರಂದು. ಎರಡು ದಿನಗಳ ಆ ಅಂತರ ಬಳಕೆದಾರರ ಪಾಲಿಗೆ ಏನೂ ಅಲ್ಲ. ಆದರೆ ಕ್ಲಾಕ್ ವೇಗವೇ, ಅಂದರೆ ಚಿಪ್ಪಿನೊಳಗಿನ ಗಡಿಯಾರ ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಎಂಬುದೇ, ಸರ್ವಸ್ವ ಎಂಬ ನಂಬಿಕೆ ಆಗ ಎಷ್ಟು ಗಾಢವಾಗಿತ್ತೆಂದರೆ, ಅದೇ ವರ್ಷ ಬಂದ ಪೆಂಟಿಯಂ 4 ಚಿಪ್ಪನ್ನು ಇಂಟೆಲ್ ಆ ನಂಬಿಕೆಯ ಮೇಲೆಯೇ ಕಟ್ಟಿತ್ತು. ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆದರೆ ಪ್ರತಿ ಹಂತ ಬೇಗ ಮುಗಿಯುತ್ತದೆ, ಗಡಿಯಾರವನ್ನು ಜೋರಾಗಿ ಓಡಿಸಬಹುದು. ಪೆಂಟಿಯಂ 3ರಲ್ಲಿ ಸುಮಾರು 10 ಇದ್ದ ಪೈಪ್‌ಲೈನ್ ಹಂತಗಳು ಇಲ್ಲಿ 20 ಆದವು, 2004ರ ಪ್ರೆಸ್ಕಾಟ್ ಆವೃತ್ತಿಯಲ್ಲಿ 31 ಆದವು. ಇದರ ಬೆಲೆ ಬೇರೆಡೆ ತೆರಬೇಕಾಗುತ್ತದೆ: ಪ್ರೋಗ್ರಾಮ್ ಯಾವ ಕವಲಿನಲ್ಲಿ ತಿರುಗುತ್ತದೆ ಎಂಬ ಊಹೆ ತಪ್ಪಿದರೆ, ಅಷ್ಟೂ ಹಂತಗಳಲ್ಲಿ ನಡೆಯುತ್ತಿದ್ದ ಕೆಲಸವನ್ನು ಚೆಲ್ಲಿ ಮೊದಲಿನಿಂದ ಆರಂಭಿಸಬೇಕು. ಅದರ ಮೇಲೆ ಶಾಖದ ಕಾಟ. 1533 ಮೆಗಾಹರ್ಟ್ಸ್‌ನ ಅಥ್ಲಾನ್ ಎಕ್ಸ್‌ಪಿಗೆ ‘1800+’ ಎಂದು ಹೆಸರಿಟ್ಟು, ಗಡಿಯಾರ ನೋಡಬೇಡಿ, ಕೆಲಸ ನೋಡಿ ಎಂದು ಎಎಂಡಿ ವಾದಿಸಿತು. ನಾಲ್ಕು ಗಿಗಾಹರ್ಟ್ಸ್ ಪೆಂಟಿಯಂ 4 ತರುವುದಾಗಿ ಹೇಳಿ 2004ರಲ್ಲಿ ಕೈಬಿಟ್ಟ ಇಂಟೆಲ್‌ನ ಮುಖ್ಯಸ್ಥ ಕ್ರೇಗ್ ಬ್ಯಾರೆಟ್, ತುಂಬಿದ ಸಭೆಯೊಂದರ ವೇದಿಕೆಯ ಮೇಲೆ ತಮಾಷೆಗೆಂಬಂತೆ ಮಂಡಿಯೂರಿ ಕ್ಷಮೆ ಕೇಳಿದರು.

ಇಷ್ಟರಲ್ಲಿ ಆಸ್ತಿಯ ಪ್ರಶ್ನೆ ಮತ್ತೆ ಮೇಲೆದ್ದಿತ್ತು. 32 ಬಿಟ್‌ಗಳಿಂದ 64 ಬಿಟ್‌ಗಳಿಗೆ ಹೋಗುವ ಕಾಲ ಬಂದಾಗ ಇಂಟೆಲ್, ಎಚ್‌ಪಿ ಜೊತೆ ಸೇರಿ, ಹಳೆಯ ಭಾಷೆಯನ್ನೇ ಬಿಟ್ಟು ಇಟಾನಿಯಂ ಎಂಬ ಹೊಸ ಭಾಷೆಯ ಪ್ರೊಸೆಸರನ್ನು 2001ರಲ್ಲಿ ತಂದಿತು. ತಾಂತ್ರಿಕವಾಗಿ ಅದು ದಿಟ್ಟ ಪ್ರಯತ್ನ. ಹೊಸ ಭಾಷೆಯಲ್ಲಿ ದಾಯಾದಿಗೆ ಪಾಲಿರುವುದಿಲ್ಲ ಎಂಬುದು ಅದರ ಜೊತೆಗಿದ್ದ ಅನುಕೂಲ. ಸಮಸ್ಯೆ ಇದ್ದದ್ದು, ಹಳೆಯ ತಂತ್ರಾಂಶ ಇಟಾನಿಯಂ ಮೇಲೆ ಕುಂಟುತ್ತ ಓಡುತ್ತಿದ್ದುದರಲ್ಲಿ. ಎಎಂಡಿ ಹಳೆಯ ಮನೆಯನ್ನು ಕೆಡವದೆ ಮೇಲೊಂದು ಮಹಡಿ ಎಬ್ಬಿಸಿತು: ಹಳೆಯ ಸೂಚನೆಗಳೆಲ್ಲ ಪೂರ್ಣ ವೇಗದಲ್ಲಿ ಓಡುವಂತೆ ಉಳಿಸಿಕೊಂಡು, ರಿಜಿಸ್ಟರುಗಳನ್ನು ಅಗಲಿಸಿ, ಅವುಗಳ ಸಂಖ್ಯೆಯನ್ನು 8ರಿಂದ 16ಕ್ಕೆ ಏರಿಸಿ, 2003ರ ಏಪ್ರಿಲ್‌ನಲ್ಲಿ ಆಪ್ಟರಾನ್ ಚಿಪ್ಪನ್ನು ಹೊರತಂದಿತು. ಮೈಕ್ರೋಸಾಫ್ಟ್ ಈ ವಿನ್ಯಾಸಕ್ಕೆ ವಿಂಡೋಸ್ ಸಿದ್ಧಪಡಿಸಲು ಒಪ್ಪಿತು, ಲಿನಕ್ಸ್ ಬಳಗ ಅದಕ್ಕೂ ಮೊದಲೇ ಒಪ್ಪಿತ್ತು. 2004ರಲ್ಲಿ ಇಂಟೆಲ್ ಅದೇ ವಿಸ್ತರಣೆಯನ್ನು ಬೇರೆ ಹೆಸರಿನಲ್ಲಿ ತನ್ನ ಚಿಪ್‌ಗಳಿಗೆ ಸೇರಿಸಿಕೊಂಡಿತು. ಆರಂಭದಲ್ಲಿ ಹೇಳಿದ ಕಡತದ ಹೆಸರಿಗೆ ಕಾರಣ ಇದೇ. ಆಸ್ತಿಯ ಮೂಲ ಹಕ್ಕುದಾರ, ಪಾಲು ಕೇಳಿ ಬಂದವನು ಕಟ್ಟಿದ ಮಹಡಿಯಲ್ಲಿ ವಾಸಕ್ಕೆ ಬಂದ.

ಹೀಗಿದ್ದೂ ಎಎಂಡಿಯ ಮಾರಾಟ ಅದರ ಚಿಪ್‌ಗಳ ಗುಣಕ್ಕೆ ತಕ್ಕಂತೆ ಏಕೆ ಏರಲಿಲ್ಲ ಎಂಬ ಪ್ರಶ್ನೆ ಕಂಪ್ಯೂಟರ್ ತಯಾರಕರ ಖರೀದಿ ಕರಾರುಗಳ ಕಡೆಗೆ ಕರೆದೊಯ್ಯುತ್ತದೆ. ತಮ್ಮ ಅಗತ್ಯದ ಬಹುಪಾಲನ್ನು ಇಂಟೆಲ್‌ನಿಂದಲೇ ಕೊಳ್ಳುವ ತಯಾರಕರಿಗೆ ರಿಯಾಯಿತಿ ಎಂಬುದು ಆರೋಪದ ತಿರುಳು. ಎಎಂಡಿ 2005ರಲ್ಲಿ ಅಮೆರಿಕದಲ್ಲಿ ದಾವೆ ಹೂಡಿತು. ಯೂರೋಪಿಯನ್ ಕಮಿಷನ್ 2009ರಲ್ಲಿ ಇಂಟೆಲ್ ಮೇಲೆ 106 ಕೋಟಿ ಯೂರೋ ದಂಡ ವಿಧಿಸಿತು. ಆ ದಂಡದ ಆದೇಶವನ್ನು ಯೂರೋಪಿನ ನ್ಯಾಯಾಲಯ 2022ರಲ್ಲಿ ರದ್ದುಮಾಡಿತು, ರದ್ದತಿಯನ್ನು ಅಲ್ಲಿನ ಅತ್ಯುಚ್ಚ ನ್ಯಾಯಾಲಯ 2024ರಲ್ಲಿ ಎತ್ತಿಹಿಡಿಯಿತು. ರಿಯಾಯಿತಿಗಳು ನಿಜಕ್ಕೂ ಪ್ರತಿಸ್ಪರ್ಧಿಯನ್ನು ಹೊರಗಿಟ್ಟವೆಂದು ಕಮಿಷನ್ ಸರಿಯಾಗಿ ತೋರಿಸಲಿಲ್ಲ ಎಂಬುದು ಅದರ ಆಧಾರ. ತೀರ್ಪುಗಳ ಸರಿತಪ್ಪು ಹೇಳುವ ಅರ್ಹತೆ ನನ್ನದಲ್ಲ, ಹದಿನೈದು ವರ್ಷ ಹಿಡಿದದ್ದಂತೂ ಎದ್ದು ಕಾಣುತ್ತದೆ.

ನನ್ನ ದೃಷ್ಟಿಯಲ್ಲಿ ಆ ದಂಡಕ್ಕಿಂತ ಮುಖ್ಯವಾದದ್ದು 2009ರ ನವೆಂಬರ್‌ನಲ್ಲಿ ಇಬ್ಬರ ನಡುವೆಯೇ ಆದ ರಾಜಿ. ಇಂಟೆಲ್ 125 ಕೋಟಿ ಡಾಲರ್ ಕೊಟ್ಟಿತು ಎಂಬುದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಅದರ ಜೊತೆಗಿದ್ದ ಇನ್ನೊಂದು ಅಂಶ ಅಷ್ಟು ಚರ್ಚೆಯಾಗಲಿಲ್ಲ. ಅಲ್ಲಿಯವರೆಗಿನ ಪರವಾನಗಿಯ ಪ್ರಕಾರ ಎಎಂಡಿ ತನ್ನ ಎಕ್ಸ್86 ಚಿಪ್‌ಗಳ ಬಹುಪಾಲನ್ನು ಸ್ವಂತ ಕಾರ್ಖಾನೆಯಲ್ಲಿಯೇ ತಯಾರಿಸಬೇಕಿತ್ತು. ರಾಜಿಯಲ್ಲಿ ಆ ಕಟ್ಟು ಸಡಿಲವಾಯಿತು. ಫ್ಯಾಬ್, ಅಂದರೆ ಚಿಪ್ ಕಾರ್ಖಾನೆ, ಇಟ್ಟುಕೊಂಡವನೇ ಗಂಡಸು ಎಂಬ ಅರ್ಥದ ಮಾತು ಸ್ಯಾಂಡರ್ಸ್ ಹೆಸರಿನಲ್ಲಿ ಪ್ರಚಲಿತವಾಗಿದೆ. ಅವರ ಕಂಪನಿ ಅದೇ 2009ರಲ್ಲಿ ತನ್ನ ಫ್ಯಾಬ್‌ಗಳನ್ನು ಗ್ಲೋಬಲ್‌ಫೌಂಡ್ರೀಸ್ ಎಂಬ ಪ್ರತ್ಯೇಕ ಸಂಸ್ಥೆಯಾಗಿ ಬೇರ್ಪಡಿಸಿತು. ಆಗ ಅದು ದಿಕ್ಕೆಟ್ಟು ಮನೆಯ ಪಾತ್ರೆ ಮಾರಿದಂತೆ ಕಂಡಿತು. 2011ರ ಬುಲ್ಡೋಜರ್ ವಿನ್ಯಾಸ ಸೋತು, 2015ರಲ್ಲಿ ಎಎಂಡಿ ಷೇರಿನ ಬೆಲೆ ಎರಡು ಡಾಲರಿಗಿಂತ ಕೆಳಗೆ ಇಳಿದಾಗ ಆ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಯಿತು.

ಮುಂದೆ ನಡೆದದ್ದನ್ನು ತಿಳಿಯಲು ಚಿಪ್ ತಯಾರಿಕೆಯ ಒಂದು ಲೆಕ್ಕವನ್ನು ಹತ್ತಿರದಿಂದ ನೋಡಬೇಕು. ಚಿಪ್ಪುಗಳನ್ನು ಕತ್ತರಿಸಿ ತೆಗೆಯುವ ಸಿಲಿಕಾನ್ ಬಿಲ್ಲೆಯ, ಅಂದರೆ ವೇಫರಿನ, ಮೇಲೆ ಅಲ್ಲೊಂದು ಇಲ್ಲೊಂದು ದೋಷ ಇದ್ದೇ ಇರುತ್ತದೆ. ಹತ್ತು ಚದರ ಸೆಂಟಿಮೀಟರಿಗೆ ಸರಾಸರಿ ಒಂದು ದೋಷ ಎಂದು ಇಟ್ಟುಕೊಳ್ಳೋಣ. 592 ಚದರ ಮಿಲಿಮೀಟರಿನ ದೊಡ್ಡ ಚಿಪ್ ಕತ್ತರಿಸಿದರೆ, ದೋಷವಿಲ್ಲದೆ ಸಿಗುವುದು ನೂರಕ್ಕೆ ಸುಮಾರು 55. ಅದೇ ಜಾಗವನ್ನು 74 ಚದರ ಮಿಲಿಮೀಟರಿನ ಎಂಟು ತುಂಡುಗಳಾಗಿ ಕತ್ತರಿಸಿದರೆ ನೂರಕ್ಕೆ ಸುಮಾರು 93 ತುಂಡುಗಳು ಒಳ್ಳೆಯವಾಗಿರುತ್ತವೆ, ಏಕೆಂದರೆ ಒಂದು ದೋಷ ಹಾಳುಮಾಡುವುದು ಅದು ಬಿದ್ದ ತುಂಡನ್ನು ಮಾತ್ರ. ಈ 74 ಎಂಬ ಅಂಕಿಯನ್ನು ಸುಮ್ಮನೆ ಆರಿಸಿಲ್ಲ. ಲೀಸಾ ಸು ಎಎಂಡಿಯ ಮುಖ್ಯಸ್ಥೆಯಾಗಿ ಬಂದ ಮೇಲೆ, 2017ರಲ್ಲಿ ರೈಜನ್ ಮತ್ತು ಎಪಿಕ್ ಹೆಸರಿನಲ್ಲಿ ಹೊರಬಂದ ಝೆನ್ ವಿನ್ಯಾಸದ ಎರಡನೆಯ ಪೀಳಿಗೆಯಲ್ಲಿ, ಎಂಟು ಕೋರ್‌ಗಳ ತುಂಡೊಂದರ ಗಾತ್ರ ಸುಮಾರು ಅಷ್ಟೇ ಇತ್ತು. ಇಂತಹ ಎಂಟು ತುಂಡುಗಳನ್ನು ಮಧ್ಯದ ಒಂದು ಸಂಪರ್ಕ ಚಿಪ್‌ನೊಂದಿಗೆ ಜೋಡಿಸಿದರೆ 64 ಕೋರ್‌ಗಳ ಸರ್ವರ್ ಪ್ರೊಸೆಸರ್. 2019ರಲ್ಲಿ ಬಂದ ಆ ಚಿಪ್‌ನ ಕೋರ್ ತುಂಡುಗಳು ಇತರ ಕಂಪನಿಗಳಿಗೆ ಚಿಪ್ ತಯಾರಿಸಿಕೊಡುವ ತೈವಾನಿನ ಟಿಎಸ್‌ಎಂಸಿಯ 7 ನ್ಯಾನೋಮೀಟರ್ ಪ್ರಕ್ರಿಯೆಯಲ್ಲಿ ತಯಾರಾದವು. 2009ರ ಆ ರಾಜಿ ಇಲ್ಲದಿದ್ದರೆ ಎಎಂಡಿ ಟಿಎಸ್‌ಎಂಸಿಯ ಬಾಗಿಲಿಗೆ ಹೋಗುವುದು ಇಷ್ಟು ಸುಲಭವಾಗುತ್ತಿರಲಿಲ್ಲ.

ಇಂಟೆಲ್ ಇದೇ ಹೊತ್ತಿನಲ್ಲಿ ತನ್ನ ಬಲವಾಗಿದ್ದ ಕಡೆಯೇ ಸಿಕ್ಕಿಬಿದ್ದಿತು. ದಶಕಗಳ ಕಾಲ ಅದರ ಫ್ಯಾಬ್‌ಗಳು ಇತರರಿಗಿಂತ ಒಂದು ಹೆಜ್ಜೆ ಮುಂದಿದ್ದವು. 10 ನ್ಯಾನೋಮೀಟರ್ ಪ್ರಕ್ರಿಯೆಯಲ್ಲಿ ಒಂದೇ ಜಿಗಿತಕ್ಕೆ ಟ್ರಾನ್ಸಿಸ್ಟರುಗಳ ಸಾಂದ್ರತೆಯನ್ನು ಸುಮಾರು 2.7 ಪಟ್ಟು ಏರಿಸುವ ಗುರಿಯಿಟ್ಟುಕೊಂಡು, ಅದನ್ನೂ ಸಿಲಿಕಾನ್ ಮೇಲೆ ಅತಿ ಸೂಕ್ಷ್ಮ ಗೆರೆಗಳನ್ನು ಮೂಡಿಸುವ ಹೊಸ ಇಯುವಿ ಬೆಳಕಿನ ಯಂತ್ರಗಳಿಲ್ಲದೆ ಸಾಧಿಸಲು ಹೊರಟು, 2016ಕ್ಕೆಂದು ಯೋಜಿಸಿದ್ದನ್ನು ದೊಡ್ಡ ಪ್ರಮಾಣದಲ್ಲಿ ತಲುಪಿದ್ದು 2019ರಲ್ಲಿ. ಇದನ್ನು ಸೋಮಾರಿತನ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಹಿಂದೆ ಪ್ರತಿ ಸಲ ಕೈಹಿಡಿದ ಧೈರ್ಯವೇ ಈ ಸಲ ಕೈಕೊಟ್ಟಿತು. ವಿನ್ಯಾಸ ಮತ್ತು ಕಾರ್ಖಾನೆ ಒಂದಕ್ಕೊಂದು ಬೆಸೆದುಕೊಂಡಿದ್ದರಿಂದ, ಕಾರ್ಖಾನೆ ತಡವಾದಾಗ ವಿನ್ಯಾಸಗಾರರೂ ಕಾಯುತ್ತ ಕುಳಿತರು. ಎಎಂಡಿಯ ಮೊದಲ ಎಪಿಕ್ ಚಿಪ್ಪನ್ನು, ನಾಲ್ಕು ಡೆಸ್ಕ್‌ಟಾಪ್ ತುಂಡುಗಳನ್ನು ಅಂಟಿಸಿದ್ದು ಎಂದು 2017ರಲ್ಲಿ ಹಂಗಿಸಿದ್ದ ಇಂಟೆಲ್, 2023ರಲ್ಲಿ ತಂದ ತನ್ನ ಸರ್ವರ್ ಚಿಪ್ಪಿನಲ್ಲಿ ನಾಲ್ಕು ತುಂಡುಗಳನ್ನು ಜೋಡಿಸಿತ್ತು.

ದಾಯಾದಿಗಳು ಜಗಳವಾಡುತ್ತಿದ್ದಾಗ ಊರು ಬೇರೆ ಕಡೆ ಬೆಳೆಯುತ್ತಿತ್ತು. ಬ್ರಿಟನ್ನಿನ ಏಕಾರ್ನ್ ಕಂಪನಿಯಲ್ಲಿ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ 1985ರಲ್ಲಿ ರೂಪಿಸಿದ ಆರ್ಮ್ ಪ್ರೊಸೆಸರ್ ಎಷ್ಟು ಕಡಿಮೆ ವಿದ್ಯುತ್ ಬೇಡುತ್ತಿತ್ತೆಂದರೆ, ಮೊದಲ ಪರೀಕ್ಷೆಯಲ್ಲಿ ವಿದ್ಯುತ್ ತಂತಿ ಸರಿಯಾಗಿ ಸಂಪರ್ಕವಾಗದಿದ್ದರೂ ಸಂಕೇತ ತಂತಿಗಳಿಂದ ಸೋರಿ ಬಂದ ವಿದ್ಯುತ್ತಿನಲ್ಲಿಯೇ ಅದು ಓಡಿತೆಂದು ಅವರು ಹೇಳುತ್ತಾರೆ. 1990ರಲ್ಲಿ ಪ್ರತ್ಯೇಕವಾದ ಆರ್ಮ್ ಕಂಪನಿ ಬೆಳೆದದ್ದು ಚಿಪ್ ಮಾರಿ ಅಲ್ಲ. ತನ್ನ ಭಾಷೆಯನ್ನು ಮಾತನಾಡುವ ಪರವಾನಗಿಯನ್ನು ಕೇಳಿದವರಿಗೆಲ್ಲ ಮಾರಿ. ಎಕ್ಸ್86 ಲೋಕದಲ್ಲಿ ವ್ಯಾಜ್ಯದ ಮೂಲವಾದದ್ದು ಇಲ್ಲಿ ವ್ಯಾಪಾರದ ಮೂಲವಾಯಿತು. ಐಫೋನಿನ ಚಿಪ್ ತಯಾರಿಸುವ ಅವಕಾಶವನ್ನು ಲಾಭ ಸಾಲದೆಂದು ಬಿಟ್ಟುಕೊಟ್ಟದ್ದನ್ನು ಇಂಟೆಲ್‌ನ ಅಂದಿನ ಮುಖ್ಯಸ್ಥ ಪಾಲ್ ಒಟೆಲಿನಿ 2013ರಲ್ಲಿ ಒಪ್ಪಿಕೊಂಡರು. 2020ರ ನವೆಂಬರ್‌ನಲ್ಲಿ ಆಪಲ್ ತನ್ನ ಮ್ಯಾಕ್ ಕಂಪ್ಯೂಟರುಗಳಲ್ಲಿ ಇಂಟೆಲ್ ಚಿಪ್ ಬದಲಿಗೆ ಆರ್ಮ್ ಭಾಷೆಯ ತನ್ನದೇ ಎಂ1 ಚಿಪ್ಪನ್ನು ಕೂರಿಸಿತು. ಹಾಗೆಂದು ಪರವಾನಗಿಯ ಲೋಕದಲ್ಲಿ ಜಗಳವಿಲ್ಲ ಎಂದಲ್ಲ: ನೂವಿಯಾ ಎಂಬ ಕಂಪನಿಯನ್ನು ಕೊಂಡ ಕ್ವಾಲ್ಕಾಮ್‌ಗೆ ಅದರ ಪರವಾನಗಿಯೂ ದಕ್ಕುತ್ತದೆಯೇ ಎಂಬ ಬಗ್ಗೆ ಆರ್ಮ್ 2022ರಲ್ಲಿ ಮೊಕದ್ದಮೆ ಹೂಡಿತು. 1987ರ ವ್ಯಾಜ್ಯವನ್ನು ಬಲ್ಲವರಿಗೆ ಅದರ ಕಾಗದಪತ್ರಗಳು ಹೊಸದೆನಿಸಲಾರವು.

ಹೊರಗಿನ ಒತ್ತಡ ಹೆಚ್ಚಿದಾಗ ದಾಯಾದಿಗಳು ಒಂದೇ ಜಗಲಿಯ ಮೇಲೆ ಕೂರುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಇಂಟೆಲ್ ಮತ್ತು ಎಎಂಡಿ ಎಕ್ಸ್86 ಭಾಷೆಯ ಮುಂದಿನ ಬೆಳವಣಿಗೆಯನ್ನು ಕೂಡಿ ನಿರ್ಧರಿಸಲು ಒಂದು ಸಲಹಾ ಮಂಡಳಿಯನ್ನು ರಚಿಸಿದವು. ಅದರ ಮುಂದಿದ್ದ ತೊಡಕುಗಳಲ್ಲಿ ಒಂದು ಎವಿಎಕ್ಸ್-512 ಎಂಬ ಸೂಚನೆಗಳ ಗುಂಪು. ಒಮ್ಮೆಗೆ 512 ಬಿಟ್ ದತ್ತಾಂಶದ ಮೇಲೆ ಕೆಲಸ ಮಾಡುವ ಆ ಸೂಚನೆಗಳನ್ನು ರೂಪಿಸಿದ್ದು ಇಂಟೆಲ್. 2021ರ ಡೆಸ್ಕ್‌ಟಾಪ್ ಪೀಳಿಗೆಯಲ್ಲಿ ದೊಡ್ಡ ಕೋರ್‌ಗಳ ಜೊತೆ ಆ ಸೂಚನೆಗಳನ್ನು ಅರಿಯದ ಸಣ್ಣ ಕೋರ್‌ಗಳನ್ನು ಸೇರಿಸಿದ್ದರಿಂದ ತಾನೇ ಅದನ್ನು ಕೈಬಿಟ್ಟಿತು. 2022ರಲ್ಲಿ ಬಂದ ಎಎಂಡಿಯ ಝೆನ್ 4 ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಅದು ಕೆಲಸ ಮಾಡುತ್ತಿತ್ತು. ಹೀಗೆ ಎಎಂಡಿ ರೂಪಿಸಿದ 64 ಬಿಟ್ ಇಂಟೆಲ್ ಯಂತ್ರದಲ್ಲಿ, ಇಂಟೆಲ್ ರೂಪಿಸಿದ 512 ಬಿಟ್ ಎಎಂಡಿ ಯಂತ್ರದಲ್ಲಿ. ಆ ಗುಂಪಿನ ಮುಂದಿನ ರೂಪವಾದ ಎವಿಎಕ್ಸ್10 ಇಬ್ಬರ ಚಿಪ್‌ಗಳಲ್ಲೂ ಒಂದೇ ರೀತಿ ಇರುವುದೆಂದು ಮಂಡಳಿ 2025ರಲ್ಲಿ ಪ್ರಕಟಿಸಿತು.